ಇಟಲಿಯ ಶರತ್ಕಾಲದ ಸುಗ್ಗಿಹಬ್ಬಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಅಕ್ಟೋಬರ್ ತಿಂಗಳ ಭಾನುವಾರದ ಬೆಳಿಗ್ಗೆ ಫ್ಲಾರೆನ್ಸ್ ನಗರದ ಸಾಂತಾ ಮರಿಯಾ ನೊವೆಲ್ಲಾ ನಿಲ್ದಾಣದಲ್ಲಿ ಬೆಟ್ಟದ ಕಡೆಗೆ ಹೋಗುವ ಚಿಕ್ಕ ರೈಲಿನ ಬಳಿ ನಿಂತರೆ, ಖಾಲಿ ಚೀಲಗಳನ್ನು ಮಡಿಸಿ ಕೈಯಲ್ಲಿ ಹಿಡಿದುಕೊಂಡ ವಯಸ್ಸಾದ ದಂಪತಿಗಳು, ಮಕ್ಕಳನ್ನು ಕರೆತಂದ ಅಜ್ಜಂದಿರು, ದಪ್ಪ ಅಟ್ಟೆಯ ಬೂಟು ತೊಟ್ಟ ಹುಡುಗ ಹುಡುಗಿಯರು ಕಾಯುತ್ತಿರುವುದು ಕಾಣಿಸುತ್ತದೆ. ಆ ನಗರದಲ್ಲಿ ನಾನು ಕೆಲವು ವರ್ಷ ಇದ್ದೆ. ಮೊದಲ ವರ್ಷ ಆ ಖಾಲಿ ಚೀಲಗಳ ಅರ್ಥ ನನಗೆ ಆಗಿರಲಿಲ್ಲ. ಎರಡನೆಯ ವರ್ಷ ನಾನೂ ಒಂದು ಖಾಲಿ ಚೀಲ ಮಡಿಸಿಕೊಂಡು ಅದೇ ರೈಲು ಹತ್ತಿದೆ. ಅವರೆಲ್ಲ ಹೊರಟಿದ್ದುದು ಮರಾದಿ ಎಂಬ ಊರಿನ ಚೆಸ್ಟ್‌ನಟ್ ಹಬ್ಬಕ್ಕೆ.

ಇಂಥ ಹಬ್ಬಕ್ಕೆ ಇಟಲಿಯಲ್ಲಿ ಸಾಗ್ರ ಎನ್ನುತ್ತಾರೆ. ಪವಿತ್ರ ಎಂಬ ಅರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ ಮಾತು ಅದು. ಊರಿನ ಚರ್ಚಿನ ಪ್ರತಿಷ್ಠೆಯ ದಿನವನ್ನೋ, ಊರು ಕಾಯುವ ಸಂತನ ದಿನವನ್ನೋ ಆಚರಿಸುವ ನೆಪದಲ್ಲಿ ಸುತ್ತಲಿನ ರೈತರು ಸೇರಿ, ಆ ಕಾಲಕ್ಕೆ ಕೈಗೆ ಬಂದ ಬೆಳೆಯನ್ನು ತಂದು, ಬೇಯಿಸಿ, ಮಾರಿ, ಹಂಚಿ ತಿನ್ನುತ್ತಿದ್ದರು. ಕಾರ್ತಿಕ ಮಾಸದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇವರು, ಬೆಳೆ, ಬೀದಿ, ಜನ, ಈ ನಾಲ್ಕೂ ಒಂದೇ ದಿನ ಒಂದೇ ಕಡೆ ಕೂಡುವುದು ಎರಡು ಕಡೆಯೂ ಒಂದೇ ರೀತಿ.

ಇಂದು ಸಾಗ್ರಗಳನ್ನು ನಡೆಸುವವರು ಬಹುಪಾಲು ಊರಿನ ಸ್ವಯಂಸೇವಕರು. ಪ್ರೊ ಲೊಕೊ ಎಂಬ ಹೆಸರಿನ ಊರ ಸಂಘಗಳು ಇಟಲಿಯ ಉದ್ದಗಲಕ್ಕೂ ಇವೆ. ಮೊದಲನೆಯದು 1881ರಲ್ಲಿ ತ್ರೆಂತೀನೊ ಪ್ರಾಂತ್ಯದ ಪಿಯೆವೆ ತೆಸೀನೊ ಎಂಬ ಹಳ್ಳಿಯಲ್ಲಿ ಹುಟ್ಟಿತು. ವಾರವಿಡೀ ಅಂಚೆ ಕಚೇರಿಯಲ್ಲೋ ಕಾರ್ಖಾನೆಯಲ್ಲೋ ದುಡಿಯುವವರು ಶನಿವಾರ ಬಂತೆಂದರೆ ಏಪ್ರನ್ ಕಟ್ಟಿ ಒಲೆಯ ಮುಂದೆ ನಿಲ್ಲುತ್ತಾರೆ, ಶಾಲೆಯ ಮಕ್ಕಳು ತಟ್ಟೆ ಹಿಡಿದು ಓಡಾಡುತ್ತಾರೆ, ಹಿಟ್ಟು ನಾದುವ ಜವಾಬ್ದಾರಿಯನ್ನು ಊರಿನ ಅಜ್ಜಿಯರು ಯಾರಿಗೂ ಬಿಟ್ಟುಕೊಡುವುದಿಲ್ಲ. ಈ ಹಬ್ಬಗಳು ವಾರಾಂತ್ಯಕ್ಕೇ ಬರುವುದಕ್ಕೆ ಇದೊಂದು ಮುಖ್ಯ ಕಾರಣ. ಬಡಿಸುವವರಿಗೂ ಉಣ್ಣುವವರಿಗೂ ಬಿಡುವಿರುವುದು ಆಗಲೇ. ಮೊದಲು ಹಣ ಕಟ್ಟುವ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತು ಚೀಟಿ ಪಡೆಯಬೇಕು, ಆ ಚೀಟಿ ತೋರಿಸಿ ಊಟ ತೆಗೆದುಕೊಳ್ಳಬೇಕು, ಆಮೇಲೆ ಕಾಗದ ಹಾಸಿದ ಉದ್ದನೆಯ ಮೇಜಿನಲ್ಲಿ ಜಾಗವಿದ್ದ ಕಡೆ ಗುರುತಿಲ್ಲದವರ ಪಕ್ಕದಲ್ಲಿ ಕೂರಬೇಕು. ಊಟ ಮುಗಿಯುವ ಹೊತ್ತಿಗೆ ಅವರು ಗುರುತಿನವರಾಗಿರುತ್ತಾರೆ.

ಮರಾದಿಗೆ ಹೋಗುವ ರೈಲುದಾರಿ ಫ್ಲಾರೆನ್ಸಿನಿಂದ ಫಾಯೆಂಜಾ ಪಟ್ಟಣದವರೆಗೆ ಅಪೆನೈನ್ ಬೆಟ್ಟಸಾಲನ್ನು ದಾಟುತ್ತದೆ. 1893ರಲ್ಲಿ ಪೂರ್ತಿಯಾಗಿ ತೆರೆದ ದಾರಿ. ಸುರಂಗದಿಂದ ಸುರಂಗಕ್ಕೆ ನುಗ್ಗುತ್ತ ಹೋಗುವ ಆ ಪಯಣದಲ್ಲಿ ಒಂದೊಂದು ಸುರಂಗ ದಾಟಿದಾಗಲೂ ಕಾಡಿನ ಬಣ್ಣ ಬದಲಾಗುತ್ತದೆ. ತಗ್ಗಿನಲ್ಲಿ ಇನ್ನೂ ಹಸಿರು, ಮೇಲೇರಿದಂತೆ ಅರಿಸಿನ, ಇನ್ನೂ ಮೇಲೆ ಹೋದರೆ ತುಕ್ಕಿನ ಕೆಂಪು. ಆ ಅರಿಸಿನ ಬಣ್ಣದ ಮರಗಳೇ ಚೆಸ್ಟ್‌ನಟ್. ಗೋಧಿ ಬೆಳೆಯಲು ನೆಲವಿಲ್ಲದ ಈ ಕಡಿದಾದ ಬೆಟ್ಟಗಳಲ್ಲಿ ಶತಮಾನಗಳ ಕಾಲ ಜನರ ಹೊಟ್ಟೆ ತುಂಬಿಸಿದ್ದು ಈ ಮರ. ಅದಕ್ಕೇ ಅವರು ಇದನ್ನು ರೊಟ್ಟಿಯ ಮರ ಎಂದು ಕರೆಯುತ್ತಾರೆ. ಮುಳ್ಳಿನ ಕವಚ ಬಿರಿದು ತಾನಾಗಿ ನೆಲಕ್ಕೆ ಬಿದ್ದ ಕಾಯಿಗಳನ್ನು ಆಯ್ದು ತಂದು, ಕಲ್ಲಿನ ಚಿಕ್ಕ ಮನೆಯ ಅಟ್ಟದ ಮೇಲೆ ಹರಡಿ, ಕೆಳಗೆ ವಾರಗಟ್ಟಲೆ ಸಣ್ಣ ಬೆಂಕಿ ಉರಿಸಿ ಹೊಗೆಯಲ್ಲಿ ಒಣಗಿಸಿ, ಸಿಪ್ಪೆ ಬಿಡಿಸಿ, ಬೀಸಿ ಹಿಟ್ಟು ಮಾಡಿ ಇಟ್ಟುಕೊಂಡರೆ ಚಳಿಗಾಲ ದಾಟುತ್ತಿತ್ತು. ಎರಡನೆಯ ಮಹಾಯುದ್ಧದ ವರ್ಷಗಳಲ್ಲೂ ಇಲ್ಲಿನ ಎಷ್ಟೋ ಮನೆಗಳ ಒಲೆ ಉರಿದದ್ದು ಈ ಹಿಟ್ಟಿನ ಭರವಸೆಯಿಂದ.

ಹಬ್ಬದ ದಿನ ಊರಿನ ಬೀದಿಗಿಳಿದರೆ ಮೊದಲು ಎದುರಾಗುವುದು ಹೊಗೆ. ತೂತು ಕೊರೆದ ದೊಡ್ಡ ಕಬ್ಬಿಣದ ಬಾಣಲೆಗಳನ್ನು ಸೌದೆ ಬೆಂಕಿಯ ಮೇಲಿಟ್ಟು ಕಾಯಿಗಳನ್ನು ಹುರಿಯುತ್ತಿರುತ್ತಾರೆ. ಹುರಿಯುವ ಮುನ್ನ ಪ್ರತಿಯೊಂದು ಕಾಯಿಗೂ ಚಾಕುವಿನಿಂದ ಒಂದು ಗೀರು ಹಾಕುವುದು ಕಡ್ಡಾಯ. ಇಲ್ಲದಿದ್ದರೆ ಒಳಗಿನ ಆವಿ ಹೊರಬರಲಾಗದೆ ಕಾಯಿ ಸಿಡಿಯುತ್ತದೆ. ಹುರಿದ ಮೇಲೆ ದಪ್ಪ ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಹೊತ್ತು ಬಿಡುತ್ತಾರೆ, ಸಿಪ್ಪೆ ಸಡಿಲವಾಗಲೆಂದು. ಆಮೇಲೆ ಕಾಗದದ ಪೊಟ್ಟಣಕ್ಕೆ ಸುರಿದು ಕೊಡುತ್ತಾರೆ. ಗೀರಿದ ಕಡೆ ಹೆಬ್ಬೆರಳೂರಿ ಒತ್ತಿದರೆ ಸಿಪ್ಪೆ ಟಪ್ಪೆಂದು ಬಾಯಿ ಬಿಡುತ್ತದೆ, ಒಳಗಿನ ಬಂಗಾರ ಬಣ್ಣದ ತಿರುಳು ಇಡಿಯಾಗಿ ಹೊರಬರುತ್ತದೆ, ಬೆರಳ ತುದಿಗಳು ಮಸಿಯಾಗುತ್ತವೆ. ನಮ್ಮ ಮಲೆನಾಡಿನಲ್ಲಿ ಕೆಂಡದಲ್ಲಿ ಸುಟ್ಟ ಹಲಸಿನ ಬೀಜಕ್ಕೆ ಗೆಣಸಿನ ಸಿಹಿಯನ್ನು ಬೆರೆಸಿದಂತಿರುವ ರುಚಿ ಅದು. ಮೊದಲನೆಯ ಕಾಯಿ ಬಾಯಿಗಿಟ್ಟಾಗ ನನಗೆ ಮಳೆಗಾಲದ ಸಂಜೆಯ ನಮ್ಮ ಹಳ್ಳಿಮನೆಯ ಒಲೆಯೇ ಕಣ್ಣ ಮುಂದೆ ಬಂತು.

ಇಲ್ಲಿ ಬೆಳೆಯುವ ಉತ್ತಮ ಜಾತಿಯನ್ನು ಮರೋನೆ ಎನ್ನುತ್ತಾರೆ. ಸಾಧಾರಣ ಚೆಸ್ಟ್‌ನಟ್ಟಿನಲ್ಲಿ ಒಳಗಿನ ತೆಳುಪೊರೆ ತಿರುಳಿನ ಮಡಿಕೆಯೊಳಕ್ಕೆ ಇಳಿದು ಅಂಟಿಕೊಂಡಿದ್ದರೆ, ಮರೋನೆಯಲ್ಲಿ ಅದು ಸುಲಭವಾಗಿ ಕಳಚಿಕೊಳ್ಳುತ್ತದೆ. ಚೆಸ್ಟ್‌ನಟ್ ಹಿಟ್ಟು, ನೀರು, ಆಲಿವ್ ಎಣ್ಣೆ, ಒಣದ್ರಾಕ್ಷಿ, ಪೈನ್ ಬೀಜ, ರೋಸ್‌ಮೇರಿ ಎಲೆ, ಇಷ್ಟನ್ನೇ ಕಲಸಿ ಬೇಯಿಸುವ ಕಸ್ತಾಞ್ಞಾಚೊ ಎಂಬ ಕಂದು ಬಣ್ಣದ ಬಿಲ್ಲೆಯನ್ನು ಇಲ್ಲಿ ತಪ್ಪದೆ ತಿನ್ನಬೇಕು. ಸಕ್ಕರೆಯಿಲ್ಲ, ಮೊಟ್ಟೆಯಿಲ್ಲ, ಹಾಲಿಲ್ಲ. ಇರುವ ಸಿಹಿಯೆಲ್ಲ ಹಿಟ್ಟಿನದು ಮತ್ತು ದ್ರಾಕ್ಷಿಯದು. ಬಡತನ ಕಲಿಸಿಕೊಟ್ಟ ತಿಂಡಿ ಇದು, ನನ್ನ ಮಟ್ಟಿಗೆ ಇಟಲಿಯ ಎಲ್ಲ ಸಿಹಿಗಳಿಗಿಂತ ಮೇಲು.

ಈ ಮರಗಳು ಇತ್ತೀಚೆಗೆ ಒಂದು ದೊಡ್ಡ ಕಂಟಕವನ್ನೂ ಕಂಡಿವೆ. ಚೀನಾ ಮೂಲದ ಒಂದು ಪುಟ್ಟ ಕಣಜ 2002ರಲ್ಲಿ ಪಿಯೆಮೊಂತೆ ಪ್ರಾಂತ್ಯದ ಕೂನಿಯೊ ಜಿಲ್ಲೆಯಲ್ಲಿ ಮೊದಲು ಕಾಣಿಸಿಕೊಂಡಿತು. ಮೊಗ್ಗಿನಲ್ಲಿ ಮೊಟ್ಟೆಯಿಟ್ಟು, ಚಿಗುರಬೇಕಾದಲ್ಲಿ ಗಂಟು ಕಟ್ಟಿಸುವ ಕೀಟ ಅದು. ಕೆಲವೇ ವರ್ಷಗಳಲ್ಲಿ ದೇಶವೆಲ್ಲ ಹರಡಿ ಫಸಲನ್ನು ನೆಲಕಚ್ಚಿಸಿತು. ವಿಷ ಸಿಂಪಡಿಸಿ ಗೆಲ್ಲುವ ಹಾಗಿರಲಿಲ್ಲ. ತೊರೀನೊ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆ ಕಣಜದ ಸಹಜ ವೈರಿಯಾದ ಇನ್ನೊಂದು ಪುಟ್ಟ ಕೀಟವನ್ನು ತಂದು ತೋಪುಗಳಲ್ಲಿ ಬಿಟ್ಟರು, ವರ್ಷಗಳ ಮೇಲೆ ಮರಗಳು ಚೇತರಿಸಿಕೊಂಡವು. ಕೈಯಲ್ಲಿರುವ ಬಿಸಿ ಪೊಟ್ಟಣದ ಹಿಂದೆ ಇಷ್ಟೂ ಇದೆ.

ಇನ್ನು ಹೆಸರುವಾಸಿಯಾದ ಆಲ್ಬಾಗೆ ಬರೋಣ. ತೊರೀನೊದಿಂದ ದಕ್ಷಿಣಕ್ಕೆ, ಲಾಂಗೆ ಎಂಬ ಗುಡ್ಡಸೀಮೆಯ ನಡುವೆ ಈ ಪಟ್ಟಣವಿದೆ. ಇಲ್ಲಿನ ದ್ರಾಕ್ಷಿ ತೋಟಗಳ ಸೀಮೆಯನ್ನು 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಕ್ಟೋಬರಿನಲ್ಲಿ ಶುರುವಾಗಿ ವಾರಾಂತ್ಯದ ಮೇಲೆ ವಾರಾಂತ್ಯ ಇಲ್ಲಿ ಬಿಳಿ ಟ್ರಫಲ್ ಅಣಬೆಯ ಜಾತ್ರೆ ನಡೆಯುತ್ತದೆ. ಓಕ್, ಪಾಪ್ಲರ್, ಹೇಝಲ್ ಮುಂತಾದ ಮರಗಳ ಬೇರಿನ ನಂಟಿನಲ್ಲಿ ನೆಲದೊಳಗೆ ಬೆಳೆಯುವ ಈ ಅಣಬೆಯನ್ನು ಹುಡುಕುವುದು ನಾಯಿಯ ಮೂಗು. ಹಿಂದೆ ಹಂದಿಗಳನ್ನೂ ಬಳಸುತ್ತಿದ್ದರು, ಆದರೆ ನಾಯಿಯ ನೆರವಿನಿಂದಲೇ ಹುಡುಕಬೇಕು, ಅಗೆದ ಗುಣಿಯನ್ನು ಮುಚ್ಚಿಯೇ ಮುಂದೆ ಹೋಗಬೇಕು ಎಂದು 1985ರ ಕಾನೂನು ಗೊತ್ತುಮಾಡಿತು. ಈ ಹುಡುಕಾಟದ ವಿದ್ಯೆಯನ್ನೂ 2021ರಲ್ಲಿ ಯುನೆಸ್ಕೊ ಅಮೂರ್ತ ಪರಂಪರೆಯೆಂದು ಗುರುತಿಸಿದೆ. ಜಾತ್ರೆಗೆ ಬುನಾದಿ ಹಾಕಿದವರು ಜಾಕೊಮೊ ಮೊರಾ ಎಂಬ ಊರಿನ ಹೋಟೆಲ್ ಮಾಲೀಕರು, 1920ರ ದಶಕದ ಕೊನೆಯಲ್ಲಿ. ಆ ವರ್ಷದ ಅತ್ಯುತ್ತಮ ಟ್ರಫಲನ್ನು ಜಗತ್ತಿನ ಪ್ರಸಿದ್ಧರಿಗೆ ಉಡುಗೊರೆಯಾಗಿ ಕಳಿಸುವ ಪರಿಪಾಠವನ್ನು ಅವರೇ ಆರಂಭಿಸಿದರು. 1949ರಲ್ಲಿ ಅದು ಚಿತ್ರನಟಿ ರೀಟಾ ಹೇವರ್ತ್ ಅವರ ಕೈ ಸೇರಿತು.

ಮಾರುಕಟ್ಟೆಯ ಚಪ್ಪರದೊಳಗೆ ಕಾಲಿಟ್ಟರೆ ಬೆಳ್ಳುಳ್ಳಿ, ಜೇನು, ಒದ್ದೆ ಮಣ್ಣು ಮೂರೂ ಬೆರೆತಂಥ ವಾಸನೆ ತಲೆಗೇರುತ್ತದೆ. ಆಲೂಗಡ್ಡೆಯಷ್ಟೇ ಸಾದಾ ರೂಪದ ಗಡ್ಡೆಗಳನ್ನು ಬಿಳಿ ಬಟ್ಟೆಯ ಮೇಲಿಟ್ಟು, ಚಿನ್ನ ತೂಗುವಂಥ ಪುಟ್ಟ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ. ಕಿಲೋ ಬೆಲೆ ಸಾವಿರಾರು ಯೂರೊ. ಕೊಳ್ಳುವ ಯೋಚನೆಯನ್ನು ಬಿಡಿ ಎಂದೇ ನನ್ನ ಸಲಹೆ. ದಿನಗಳೆದಂತೆ ಪರಿಮಳ ಹಾರಿಹೋಗುವ ಪದಾರ್ಥವಿದು, ಊರಿಗೆ ಒಯ್ಯುವಂಥದಲ್ಲ. ಅದರ ಬದಲು ತಾಯರೀನ್ ಎಂಬ ಎಳೆಎಳೆಯಾದ ಮೊಟ್ಟೆಯ ಶಾವಿಗೆಗೆ ಬೆಣ್ಣೆ ಸವರಿ, ಅದರ ಮೇಲೆ ಅಲಗುಪಟ್ಟಿಯಿಂದ ಹಸಿ ಟ್ರಫಲನ್ನು ಕಾಗದದಷ್ಟು ತೆಳ್ಳಗೆ ಹೆರೆದು ಹಾಕಿಸಿಕೊಂಡು ಒಂದು ತಟ್ಟೆ ತಿನ್ನಿ, ಸಾಕು. ಬೇಯಿಸಿದರೆ ವಾಸನೆ ಸಾಯುತ್ತದೆಯಾದ್ದರಿಂದ ಬಿಸಿ ತಟ್ಟೆಯ ಆವಿಯಲ್ಲಷ್ಟೇ ಅದು ಅರಳಬೇಕು.

ಅಕ್ಟೋಬರಿನ ಮೊದಲ ಭಾನುವಾರವೇ ಹೋಗುವುದಾದರೆ ಕತ್ತೆಗಳ ಓಟವನ್ನೂ ನೋಡಬಹುದು. 1275ರಲ್ಲಿ ನೆರೆಯ ಆಸ್ತಿ ಪಟ್ಟಣದವರು ಆಲ್ಬಾವನ್ನು ಮುತ್ತಿದಾಗ, ಅವಮಾನ ಮಾಡಲೆಂದು ಕೋಟೆಯ ಗೋಡೆಯ ಕೆಳಗೇ ತಮ್ಮ ಕುದುರೆ ಓಟವನ್ನು ನಡೆಸಿದ್ದರಂತೆ. ಆ ಮುಯ್ಯಿಯನ್ನು ಆಲ್ಬಾದವರು 1932ರಲ್ಲಿ ಕತ್ತೆಗಳನ್ನು ಓಡಿಸಿ ತೀರಿಸಿಕೊಂಡರು. ಆರೂವರೆ ಶತಮಾನ ನೆನಪಿಟ್ಟುಕೊಂಡ ಊರು.

ರೋಮ್ ಕಡೆ ಇರುವವರಿಗೆ ಅದೇ ಭಾನುವಾರ ಮರೀನೊ ಪಟ್ಟಣದ ದ್ರಾಕ್ಷಿ ಹಬ್ಬವಿದೆ. 1925ರಲ್ಲಿ ಆರಂಭವಾದ ಈ ಹಬ್ಬದ ಸಂಜೆ ಊರ ನಡುವಿನ ಕಾರಂಜಿಯಿಂದ ನೀರಿನ ಬದಲು ದ್ರಾಕ್ಷಾರಸದ ಮದ್ಯ ಹರಿಯುತ್ತದೆ. ಜನಸಂದಣಿ ವಿಪರೀತ, ಚಿಕ್ಕ ಮಕ್ಕಳಿದ್ದರೆ ಮಧ್ಯಾಹ್ನದ ಹೊತ್ತಿಗೇ ಹೋಗಿ ಬರುವುದು ಒಳ್ಳೆಯದು.

ನಮ್ಮವರು ಇಟಲಿಗೆ ಬಂದಾಗ ಎರಡು ದಿನಗಳಲ್ಲಿ ನಾಲ್ಕು ಊರು ಮುಗಿಸುವ ಆತುರದಲ್ಲಿರುವುದನ್ನು ಎಷ್ಟೋ ಸಲ ಕಂಡು ಮರುಗಿದ್ದೇನೆ. ಒಂದು ವಾರಾಂತ್ಯಕ್ಕೆ ಒಂದು ಸೀಮೆ, ಒಂದು ಬೆಳೆ, ಅಷ್ಟನ್ನೇ ಆರಿಸಿಕೊಳ್ಳಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಶನಿವಾರ ಹೋಗಿ ರಾತ್ರಿ ಅಲ್ಲೇ ತಂಗಿದರೆ, ಭಾನುವಾರ ಬೆಳಿಗ್ಗೆ ಬಸ್ಸುಗಳು ಬರುವ ಮುಂಚಿನ ಊರು ನಿಮ್ಮದಾಗುತ್ತದೆ. ಬೆಟ್ಟದ ದಾರಿಗಳಲ್ಲಿ ಭಾನುವಾರ ರೈಲುಗಳು ಕಡಿಮೆ, ಮಳೆಗೆ ಗುಡ್ಡ ಕುಸಿದು ನಿಲ್ಲುವುದೂ ಉಂಟು. ಆದ್ದರಿಂದ ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟಿಗೆ ಹತ್ತುವ ಮುನ್ನ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಅಂದಿನಿಂದ ಕತ್ತಲೆ ಬೇಗ.

ಸಸ್ಯಾಹಾರಿಗಳು ಒಂದು ಮಾತನ್ನು ಗಮನಿಸಬೇಕು. ತರಕಾರಿಯದೆಂದು ಕಾಣುವ ಸಾರನ್ನೂ ಮಾಂಸದ ಕಟ್ಟಿನಲ್ಲಿ ಕುದಿಸಿರಬಹುದು. ಪಿಯೆಮೊಂತೆಯ ಬಾಞ್ಞಾ ಕಾವ್ದಾ ಎಂಬ ಬೆಳ್ಳುಳ್ಳಿ ಗೊಜ್ಜನ್ನು ತರಕಾರಿಯೊಂದಿಗೆ ಬಡಿಸಿದರೂ ಅದರಲ್ಲಿ ಮೀನು ಕರಗಿರುತ್ತದೆ. ಪಾರ್ಮೆಸಾನ್ ಗಿಣ್ಣಿಗೆ ಹೆಪ್ಪು ಹಾಕುವುದು ಕರುವಿನ ಜಠರದ ರಸದಿಂದ. ಒಲೆಯ ಮುಂದೆ ನಿಂತಿರುವವರನ್ನು ನೇರವಾಗಿ ಕೇಳಿ. ತಾವೇ ಮಾಡಿದ ಅಡುಗೆಯಾದ್ದರಿಂದ ಅವರು ಸರಿಯಾಗಿಯೇ ಹೇಳುತ್ತಾರೆ.

ನವೆಂಬರ್ ಬಂತೆಂದರೆ ಆಲಿವ್ ಎಣ್ಣೆಯ ಸರದಿ. ಉಂಬ್ರಿಯಾ ಪ್ರಾಂತ್ಯದ ತ್ರೇವಿ, ಸ್ಪೆಲ್ಲೊ ಮುಂತಾದ ಗುಡ್ಡದ ಊರುಗಳಲ್ಲಿ ವಾರಾಂತ್ಯಗಳಂದು ಎಣ್ಣೆಗಾಣಗಳು ಬಾಗಿಲು ತೆರೆದಿರುತ್ತವೆ. ಅಂಥ ಒಂದು ಗಾಣದಲ್ಲಿ ನಾನು ಒಂದು ಶನಿವಾರ ಸಂಜೆ ನಿಂತಿದ್ದೆ. ರೈತರು ಬುಟ್ಟಿಗಳೊಂದಿಗೆ ಸರದಿಗಾಗಿ ಕಾದಿದ್ದರು. ತಮ್ಮ ಕಾಯಿ ಪಕ್ಕದವರದರೊಂದಿಗೆ ಬೆರೆಯದಂತೆ ಯಂತ್ರದ ಬಾಯಿಯಿಂದ ಎಣ್ಣೆ ಬೀಳುವವರೆಗೂ ಯಾರೂ ಕದಲಲಿಲ್ಲ. ನಳಿಕೆಯಿಂದ ಇಳಿದ ಎಣ್ಣೆ ಎಳೆಗರಿಕೆಯ ಹಸಿರಾಗಿತ್ತು, ಇನ್ನೂ ಮಬ್ಬಾಗಿತ್ತು. ಮೂಲೆಯ ಬೆಂಕಿಗೂಡಿನಲ್ಲಿ ಸುಟ್ಟ ರೊಟ್ಟಿಯ ಚೂರಿಗೆ ಬೆಳ್ಳುಳ್ಳಿ ಎಸಳು ಉಜ್ಜಿ, ಉಪ್ಪು ಉದುರಿಸಿ, ಆ ಎಣ್ಣೆಯನ್ನು ಧಾರಾಳವಾಗಿ ಸುರಿದು ನನ್ನ ಕೈಗೆ ಕೊಟ್ಟರು. ಹೊಸ ಎಣ್ಣೆ ಗಂಟಲಿನಲ್ಲಿ ಮೆಣಸಿನಂತೆ ಖಾರವಾಗುತ್ತದೆ. ನನಗೆ ಕೆಮ್ಮು ಬಂತು. ಸರದಿಯಲ್ಲಿದ್ದ ಅಜ್ಜ ಬೆನ್ನು ತಟ್ಟಿ, ಈ ಸಲದ ಎಣ್ಣೆ ಚೆನ್ನಾಗಿದೆ ಎಂದು ಪಕ್ಕದವರಿಗೆ ಹೇಳಿ, ತನ್ನ ಬುಟ್ಟಿಗಳತ್ತ ಮತ್ತೆ ತಿರುಗಿಕೊಂಡ.

ನಮಸ್ಕಾರ.