ನೆರಳು ಮರದ ಕಾಂಡದಲ್ಲಿ ಅಂಟು ಕಂಡ್ರೆ

ನಮಸ್ಕಾರ ಕೇಳುಗರೇ. ಕಾಫಿ ತೋಟಕ್ಕೆ ಹೋದೋರೆಲ್ಲ ಕಾಫಿ ಗಿಡಾನೇ ನೋಡ್ತೀವಿ, ಕಾಂಡ ಕೊರೆಯೋ ಬೋರರ್ ಹುಳ ಬಂತಾ, ಎಲೆಗೆ ತುಕ್ಕು ಹಿಡೀತಾ ಅಂತ, ಆದ್ರೆ ಪಕ್ಕದಲ್ಲೇ ಇರೋ ನೆರಳಿಗೆ ಅಂತ ನೆಟ್ಟ ಮೂರ್ನಾಲ್ಕು ವರ್ಷದ ಸಿಲ್ವರ್ ಮರದ (ಸಿಲ್ವರ್ ಓಕ್) ಕಾಂಡಾನ ಹತ್ರ ಹೋಗಿ ನೋಡೋರು ಕಡಿಮೆ. ಇವತ್ತು ಅದರ ಮಾತು.

ಗಾಯ ಆದ್ರೆ ಅಂಟು ಸುರಿಸೋದು ಸಿಲ್ವರ್ ಮರದ ಗುಣ. ಕತ್ತಿ ತಾಗಿದ್ರೂ ಸುರಿಯುತ್ತೆ, ಬಿಸಿಲಿಗೆ ತೊಗಟೆ ಸೀಳಿದ್ರೂ ಸುರಿಯುತ್ತೆ. ಅಂಟು ತಿಳಿಯಾಗಿದ್ದು ಸುತ್ತಲಿನ ತೊಗಟೆ ಗಟ್ಟಿಯಾಗಿದ್ರೆ ಗಾಬರಿ ಬೀಳಬೇಡಿ. ಅಂಟಿಗೆ ಮರದ ಪುಡಿ, ಹಿಕ್ಕೆ ಸೇರಿ ಕಂದು ಮುದ್ದೆ ಆಗಿದ್ರೆ ಒಳಗೆ ಹುಳ ಕೂತಿದೆ ಅಂತಾನೇ ಲೆಕ್ಕ. ಇನ್ನೊಂದು ಗುರುತು, ಕೊಂಬೆ ಕವಲೊಡೆಯೋ ಜಾಗದಿಂದ ತೊಗಟೆ ಮೇಲೆ ಹರಿದಿರೋ ಕಂದು ಪಟ್ಟಿ, ಬೆರಳಲ್ಲಿ ಸವರಿದ್ರೆ ಕಾಫಿಪುಡಿ ಥರ ಉದುರುತ್ತೆ, ಅಡಿಯಲ್ಲಿ ಹಸಿ ತೊಗಟೆ ಕೆರೆದಿರೋದು ಕಾಣುತ್ತೆ. ಅದು ತೊಗಟೆ ತಿನ್ನೋ ಹುಳದ್ದು. ನೂಲಿಗೆ ತನ್ನ ಹಿಕ್ಕೆ, ತೊಗಟೆ ಚೂರು ಅಂಟಿಸಿ ಮಾಡ್ಕೊಂಡಿರೋ ಮುಚ್ಚಿಗೆ ಅದು, ಹಗಲು ತೂತಲ್ಲಿ ಅಡಗಿದ್ದು ರಾತ್ರಿ ಅದರಡಿ ಬಂದು ತಿನ್ನುತ್ತೆ. ದೊಡ್ಡ ಮರ ತಡ್ಕೊಳ್ಳುತ್ತೆ, ಎಳೇದರಲ್ಲಿ ಕಾಂಡದ ಸುತ್ತ ತೊಗಟೆ ಹೋಯ್ತು ಅಂದ್ರೆ ಮೇಲಿನ ಭಾಗ ಒಣಗ್ತಾ ಬರುತ್ತೆ.

ಇದಕ್ಕೆ ತೋಟ ಪೂರ್ತಿ ಔಷಧಿ ಹೊಡೆಯೋದು ದುಡ್ಡು ದಂಡ, ಹುಳ ಇರೋದು ತೂತಿನೊಳಗೆ, ಔಷಧಿ ಬೀಳೋದು ಎಲೆ ಮೇಲೆ. ಪಟ್ಟೀನ ಕೆರೆದು ತೆಗೀರಿ, ತೂತಿಗೆ ತಂತಿ ತೂರಿಸಿ ಹುಳ ಸಾಯಿಸಿ, ಸೀಮೆಎಣ್ಣೇಲಿ ಅದ್ದಿದ ಹತ್ತಿ ತುರುಕಿ ಹಸಿಮಣ್ಣು ಮೆತ್ತಿ. ಕತ್ತಿ ಗಾಯಕ್ಕೆ ಬೋರ್ಡೋ ಪೇಸ್ಟ್ ಸಾಕು, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 10 ಲೀಟರ್ ನೀರು.

ಇಷ್ಟು ಒತ್ತಿ ಹೇಳೋಕೆ ಕಾರಣ ಹಾಲುವಾಣ, ಅದೂ ಕಾಫಿ ತೋಟದ ಇನ್ನೊಂದು ನೆರಳು ಮರ. 2005-06ರ ಹೊತ್ತಿಗೆ ಎರಡು ಮಿಲಿಮೀಟರೂ ಇಲ್ಲದ ಒಂದು ಕಣಜ ಬಂತು, ಹಾಲುವಾಣದ ಚಿಗುರು, ಎಲೆತೊಟ್ಟು ಎಲ್ಲಾ ಗಂಟುಗಂಟಾಗಿ ಊದ್ಕೊಂಡು ಎಲೆ ಉದುರಿ ಎಷ್ಟೋ ತೋಟ ಬೋಳಾದವು. ಬಿಳಿ ಕಾಂಡಕೊರಕ, ಅಂದ್ರೆ ಮೊದಲು ಹೇಳಿದ ಬೋರರ್, ಮೊಟ್ಟೆ ಇಡೋದು ಬಿಸಿಲು ಬಿದ್ದ ಅರೇಬಿಕಾ ಕಾಫಿ ಕಾಂಡದ ಮೇಲೇನೇ ಜಾಸ್ತಿ, ಅಂದ್ರೆ ನೆರಳು ಮರ ಹೋದ್ರೆ ಮುಂದಿನ ಸರದಿ ಕಾಫಿದೇ. ಕಾಂಡಕೊರಕದ ದುಂಬಿ ಏಪ್ರಿಲ್-ಮೇನಲ್ಲಿ ಒಂದ್ಸಲ, ಅಕ್ಟೋಬರಿಂದ ಡಿಸೆಂಬರ್ ತನಕ ಇನ್ನೊಂದ್ಸಲ ಹಾರುತ್ತೆ. ಹಾಗಾಗಿ ಈ ಸಲ ಮಳೆ ಬಿಟ್ಟ ಮೇಲೆ ಕಳೆ ಹೊಡೆಸುವಾಗಲೇ ಆಳುಗಳಿಗೆ ಹೇಳಿ, ಅಂಟು ಕಂಡ ಮರಕ್ಕೆಲ್ಲ ಒಂದು ಬಟ್ಟೆ ಚೂರು ಕಟ್ಟಿ ಬರ್ಲಿ, ಮಾರನೇ ದಿನ ತಂತಿ ಹಿಡ್ಕೊಂಡು ಆ ಮರಗಳಿಗಷ್ಟೇ ಹೋದ್ರಾಯ್ತು.