ಪದ್ಯಕ್ಕೂ ಗ್ರಾಮರ್‌ಗೂ ಜಗಳ ತಂದಿಟ್ಟವರು ಯಾರು?

ಇಂಗ್ಲಿಷ್ ಕ್ಲಾಸ್ ಅಂದರೆ ಏನೇನಿರುತ್ತದೆ? ಪದ್ಯಕ್ಕೆ ಸಾರಾಂಶ, ಗ್ರಾಮರ್‌ಗೆ ಬಿಟ್ಟ ಸ್ಥಳ ತುಂಬಿ, ದೊಡ್ಡವರ ಭಾಷಣಕ್ಕೆ ಒಂದು ಪ್ರಬಂಧ. ಅಷ್ಟೇ ಅಲ್ವಾ? ಮೂರೂ ಒಂದೇ ಭಾಷೆಯವು. ಆದರೆ ಒಂದಕ್ಕೊಂದು ಮುಖಪರಿಚಯವೇ ಇಲ್ಲದ ಹಾಗೆ ಕಲಿಸುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ.

ಗ್ರಾಮರ್ ಬೇಡ ಅನ್ನುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಜಾಸ್ತಿಯೇ ಬೇಕು ಅನ್ನುತ್ತೇನೆ. ಆದರೆ ಅದು ಪದ್ಯದ ಒಳಗೆ ಬೇಕು, ಭಾಷಣದ ಒಳಗೆ ಬೇಕು.

ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್ ಅವರ 'ದ ರೋಡ್ ನಾಟ್ ಟೇಕನ್' ತೆಗೆದುಕೊಳ್ಳಿ. 1915ರಲ್ಲಿ ಪ್ರಕಟವಾದ ಪದ್ಯ. ಬರೀ 20 ಸಾಲು. ಗೈಡ್ ಏನನ್ನುತ್ತದೆ? ಕಾಡಿನಲ್ಲಿ ದಾರಿ ಕವಲಾಗುತ್ತದೆ, ಕವಿ ಜನ ಕಡಿಮೆ ನಡೆದ ದಾರಿ ಹಿಡಿಯುತ್ತಾನೆ, ಅವನ ಬದುಕೇ ಬದಲಾಗುತ್ತದೆ. ನೀವೂ ಧೈರ್ಯವಾಗಿ ಬೇರೆ ದಾರಿ ಹಿಡಿಯಿರಿ. ಐದು ಮಾರ್ಕ್ಸ್ ಬಂತು.

ಈಗ ಸಾರಾಂಶ ಪಕ್ಕಕ್ಕಿಡಿ. ಕ್ರಿಯಾಪದಗಳನ್ನು ಮಾತ್ರ ನೋಡುತ್ತಾ ಹೋಗಿ. ಮೊದಲ ಮೂರು ಚರಣದಲ್ಲಿ ಕಥೆ ನಡೆಯುವುದು ಪಾಸ್ಟ್ ಟೆನ್ಸಿನಲ್ಲಿ. ಅಲ್ಲಿ ಆ ಮನುಷ್ಯನೇ ಒಪ್ಪಿಕೊಳ್ಳುತ್ತಾನೆ, ಓಡಾಟದಲ್ಲಿ ಎರಡೂ ದಾರಿ ಹೆಚ್ಚುಕಡಿಮೆ ಒಂದೇ ಸಮ ಸವೆದಿದ್ದವು ಅಂತ. ಆ ಬೆಳಗ್ಗೆ ಎರಡರ ಮೇಲೂ ಒಂದೇ ರೀತಿ ಎಲೆ ಬಿದ್ದಿತ್ತು. ಹಾಗಾದರೆ ಜನ ಕಡಿಮೆ ನಡೆದ ದಾರಿ ಎಲ್ಲಿಂದ ಬಂತು? ಕೊನೆಯ ಚರಣದಿಂದ. ಆ ಚರಣ ಶುರುವಾಗುವುದು ಹೇಗೆ ಗೊತ್ತಾ? 'ಐ ಶಲ್ ಬಿ ಟೆಲಿಂಗ್ ದಿಸ್'. ಫ್ಯೂಚರ್ ಕಂಟಿನ್ಯುಯಸ್! ಮುಂದೆ ಎಂದೋ ಒಂದು ದಿನ, ನಿಟ್ಟುಸಿರು ಬಿಡುತ್ತಾ, ಹೀಗೆ ಹೇಳುತ್ತಿರುತ್ತೇನೆ ಅನ್ನುತ್ತಾನೆ. ಅಂದರೆ ನಡೆದದ್ದು ಒಂದು, ಮುಂದೆ ಹೇಳಿಕೊಳ್ಳಲಿರುವ ಕಥೆ ಇನ್ನೊಂದು. ಇದು ಧೈರ್ಯದ ಪದ್ಯವಲ್ಲ. ನಮ್ಮ ಹಳೇ ನಿರ್ಧಾರಗಳಿಗೆ ನಾವೇ ಆಮೇಲೆ ಬಣ್ಣ ಹಚ್ಚುತ್ತೇವಲ್ಲ, ಅದರ ಪದ್ಯ. ಫ್ರಾಸ್ಟ್‌ಗೆ ಎಡ್ವರ್ಡ್ ಥಾಮಸ್ ಅಂತ ಒಬ್ಬ ಗೆಳೆಯ ಇದ್ದ. ವಾಕಿಂಗ್ ಹೋದಾಗ ಯಾವ ದಾರಿ ಹಿಡಿದರೂ, ಛೇ, ಆ ಕಡೆ ಹೋಗಬೇಕಿತ್ತು ಅಂತ ಕೊರಗುವ ಮನುಷ್ಯ. ಅವನ ಕಾಲೆಳೆಯುವುದಕ್ಕೆ ಹುಟ್ಟಿದ ಪದ್ಯ ಇದು.

ಇದನ್ನು ಕಂಡುಹಿಡಿಯಲು ಯಾವ ವಿಮರ್ಶಕನೂ ಬೇಕಾಗಲಿಲ್ಲ ನೋಡಿ. ಟೆನ್ಸ್ ಗೊತ್ತಿದ್ದರೆ ಸಾಕು. ಸೋಮವಾರ ಟೆನ್ಸ್ ಚಾರ್ಟ್ ಬರೆಸಿ, ಮಂಗಳವಾರ ಅದನ್ನು ಮರೆತು ಇದೇ ಪದ್ಯದ ಸಾರಾಂಶ ಬರೆಸಿದರೆ, ಚಾರ್ಟ್ ಬರೆಸಿದ್ದು ಯಾಕೆ?

ಪ್ಯಾಸಿವ್ ವಾಯ್ಸ್ ಕಥೆಯೂ ಇದೇ. 'ರಾಮ ಹಣ್ಣು ತಿಂದ', 'ರಾಮನಿಂದ ಹಣ್ಣು ತಿನ್ನಲ್ಪಟ್ಟಿತು'. ತಿರುಗಿಸು, ಮತ್ತೆ ತಿರುಗಿಸು. ಯಾಕೆ ತಿರುಗಿಸಬೇಕು ಅಂತ ಯಾರೂ ಹೇಳುವುದಿಲ್ಲ. 1987ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಮಾಡಿದ ಭಾಷಣ ತಂದು ಕ್ಲಾಸಿನಲ್ಲಿ ಇಡಿ. ಇರಾನ್‌ಗೆ ಗುಟ್ಟಾಗಿ ಶಸ್ತ್ರ ಮಾರಿದ ವಿಷಯ ಹೊರಬಿದ್ದಿತ್ತು. ರೇಗನ್ ಮೊದಲು 'ಐ ಟುಕ್ ಎ ರಿಸ್ಕ್' ಅಂದರು. ರಿಸ್ಕ್ ತೆಗೆದುಕೊಂಡವನು ನಾನು, ಹೊಣೆಯೂ ನನ್ನದೇ ಅಂದರು. ಒಳ್ಳೆಯದು. ಸ್ವಲ್ಪ ಮುಂದೆ ಹೋದರೆ 'ಸೀರಿಯಸ್ ಮಿಸ್ಟೇಕ್ಸ್ ವರ್ ಮೇಡ್'. ತಪ್ಪುಗಳು ಮಾಡಲ್ಪಟ್ಟವು. ಮಾಡಿದವರು ಯಾರು? ವಾಕ್ಯದಲ್ಲಿ ಇಲ್ಲ. ಸಾಹಸಕ್ಕೆ ಕರ್ತೃ ಇದ್ದಾನೆ, ತಪ್ಪಿಗೆ ಇಲ್ಲ. ಹದಿಮೂರು ವರ್ಷದ ಹುಡುಗಿಗೆ ಇದನ್ನು ತೋರಿಸಿ. ಆಮೇಲೆ ಪ್ಯಾಸಿವ್ ವಾಯ್ಸ್ ಮರೆಯುತ್ತಾಳಾ ನೋಡೋಣ.

ಭಾಷಣದ ವಿಷಯದಲ್ಲಿ ಇನ್ನೊಂದು ತಮಾಷೆ ಇದೆ. ಮಗು ಪ್ರಬಂಧದಲ್ಲಿ ಒಂದೇ ಮಾತು ಎರಡು ಸಲ ಬರೆದರೆ ಕೆಂಪು ಇಂಕಿನ ಗೆರೆ. ಮಾರ್ಟಿನ್ ಲೂಥರ್ ಕಿಂಗ್ 'ಐ ಹ್ಯಾವ್ ಎ ಡ್ರೀಮ್' ಅಂತ ಮತ್ತೆ ಮತ್ತೆ ಅಂದರೆ ಅದು ಮಹಾ ಭಾಷಣ. ಯಾವ ಪುನರಾವರ್ತನೆ ಬೇಜಾರು ತರಿಸುತ್ತದೆ, ಯಾವುದು ರೋಮಾಂಚನ ತರುತ್ತದೆ, ಯಾಕೆ ಅಂತ ಚರ್ಚೆ ಮಾಡಲು ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿದೆ? 1963ರ ಆಗಸ್ಟ್ 28ರಂದು ಕಿಂಗ್ ಕೈಯಲ್ಲಿದ್ದ ಹಾಳೆಯಲ್ಲಿ ಆ ಕನಸಿನ ಭಾಗ ಇರಲೇ ಇಲ್ಲ. ಗಾಯಕಿ ಮಹಾಲಿಯಾ ಜಾಕ್ಸನ್ ಹಿಂದಿನಿಂದ ಕೂಗಿದರು, ಕನಸಿನ ಬಗ್ಗೆ ಹೇಳಿ ಮಾರ್ಟಿನ್ ಅಂತ. ಕಿಂಗ್ ಹಾಳೆ ಬಿಟ್ಟು ಮಾತಾಡಿದರು. ಆದರೆ ಭಾಷಣದ ಶುರುವನ್ನು ಮಾತ್ರ ಬಹಳ ಲೆಕ್ಕ ಹಾಕಿ ಬರೆದಿದ್ದರು. 'ಫೈವ್ ಸ್ಕೋರ್ ಇಯರ್ಸ್ ಅಗೊ'. ಸ್ಕೋರ್ ಅಂದರೆ ಇಪ್ಪತ್ತು, ಅಲ್ಲಿಗೆ ನೂರು ವರ್ಷದ ಹಿಂದೆ. ನಿಂತದ್ದು ಲಿಂಕನ್ ಸ್ಮಾರಕದ ಮುಂದೆ. ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಕನ್ 1863ರಲ್ಲಿ ಗೆಟಿಸ್‌ಬರ್ಗ್‌ನಲ್ಲಿ ಭಾಷಣ ಶುರು ಮಾಡಿದ್ದು 'ಫೋರ್ ಸ್ಕೋರ್ ಅಂಡ್ ಸೆವೆನ್ ಇಯರ್ಸ್ ಅಗೊ', ಅಂದರೆ 87 ವರ್ಷದ ಹಿಂದೆ ಅಂತ. ಆ ಸಾಲು ಕಿವಿಯಲ್ಲಿ ಇದ್ದವರಿಗೆ ಸೂಚನೆ ತಕ್ಷಣ ತಲುಪಿರುತ್ತದೆ.

ಅದಕ್ಕೇ ನಾನು ಬಾಯಿಪಾಠದ ಪರ. ಹೌದು, ಬಾಯಿಪಾಠ! ಎಲ್ಲರೂ ಅದನ್ನು ಬೈಯುತ್ತಾರೆ. ಬೈಯಬೇಕಾದದ್ದು ಸಾರಾಂಶದ ಬಾಯಿಪಾಠವನ್ನು. ಪದ್ಯವನ್ನೇ, ಭಾಷಣವನ್ನೇ ಜೋರಾಗಿ ಹೇಳಿಸಿ. ಲಿಂಕನ್ ಮಾತು ಸುಮಾರು 270 ಪದ, ಎರಡು ಮೂರು ನಿಮಿಷದ ಕೆಲಸ. ಅವತ್ತು ಅಲ್ಲೇ ಅವರಿಗಿಂತ ಮೊದಲು ಎಡ್ವರ್ಡ್ ಎವರೆಟ್ ಅನ್ನುವ ವಾಗ್ಮಿ ಎರಡು ಗಂಟೆ ಮಾತಾಡಿದ್ದರು. ಅದನ್ನು ಯಾರೂ ಬಾಯಿಪಾಠ ಮಾಡಿಸುವುದಿಲ್ಲ ಬಿಡಿ.

ಇದೆಲ್ಲ ಯಾಕೆ ಆಗುತ್ತಿಲ್ಲ? ಟೀಚರ್‌ಗೆ ಗೊತ್ತಿಲ್ಲ ಅಂತಲ್ಲ. ಬಿಟ್ಟ ಸ್ಥಳ ತುಂಬಿದ್ದನ್ನು ತಿದ್ದುವುದು ಸುಲಭ. ರಾಶಿ ಪೇಪರ್ ಎದುರಿಗಿದ್ದಾಗ ಯಾರಿಗಾದರೂ ಅದೇ ಬೇಕು. ಅದಕ್ಕೇ ಇಡೀ ಪಠ್ಯ ಬದಲಿಸಿ ಅಂತ ಕೇಳುತ್ತಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಸುಮ್ನೆ ಒಂದೇ ಪ್ರಶ್ನೆ ಸೇರಿಸಿ. ಭಾಷಣದ ಒಂದು ಸಾಲು ಕೊಟ್ಟು, ಇಲ್ಲಿ ಕೆಲಸ ಮಾಡಿದವರ ಹೆಸರು ಯಾಕಿಲ್ಲ ಅಂತ ಕೇಳಿ. ಎರಡು ಮಾರ್ಕ್ಸ್. ಉತ್ತರ ತಪ್ಪಿದರೂ, ಕಾರಣ ಬರೆದಿದ್ದರೆ ಒಂದು ಕೊಡಿ.