ರೋಡ್ ಹಿಲ್ ಮನೆಯ ಬಟ್ಟೆ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ರೇಡಿಯೋ ಕೇಳುತ್ತಿರುವವರು ಒಂದು ಕ್ಷಣ ಉರಿ ಸಣ್ಣ ಮಾಡಿ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಒಂದು ದೊಡ್ಡ ಮನೆಯ ಕೊಲೆಯ ಬಗ್ಗೆ ಹೇಳಬೇಕು. ಇಂಥ ಕಥೆ ಅಂದ ಕೂಡಲೇ ಎಲ್ಲರೂ ಕೇಳುವುದು ಕೊಲೆಗಾರ ಯಾರು ಅಂತ. ಅಪರಾಧ ಕಾನೂನು ಪಾಠ ಹೇಳುತ್ತಿದ್ದಾಗ ನನ್ನ ವಿದ್ಯಾರ್ಥಿಗಳೂ ಅದನ್ನೇ ಕೇಳುತ್ತಿದ್ದರು. ನಾನು ಹೇಳುತ್ತಿದ್ದುದು ಒಂದೇ ಮಾತು: ಮೊದಲು ಬಟ್ಟೆ ಎಣಿಸಿ.

ರೋಡ್ ಎಂಬ ಹಳ್ಳಿಯಲ್ಲಿ ರೋಡ್ ಹಿಲ್ ಹೌಸ್ ಅಂತ ಒಂದು ಮನೆ. ಯಜಮಾನ ಸ್ಯಾಮ್ಯುಯೆಲ್ ಕೆಂಟ್, ಕಾರ್ಖಾನೆಗಳ ತನಿಖೆ ಮಾಡುವ ಸರ್ಕಾರಿ ಅಧಿಕಾರಿ. ಮೊದಲ ಹೆಂಡತಿಗೆ ಬುದ್ಧಿಭ್ರಮಣೆ ಎಂದು ಹೇಳಿ ಮೂಲೆಗೆ ಸರಿಸಿದ್ದರು. ಆಕೆ 1852ರಲ್ಲಿ ತೀರಿಕೊಂಡ ಮರುವರ್ಷವೇ, ಮಕ್ಕಳಿಗೆ ಪಾಠ ಹೇಳಲು ಮನೆಯಲ್ಲಿದ್ದ ಹೆಂಗಸನ್ನು ಕೆಂಟ್ ಮದುವೆಯಾದ. ಸಂಸಾರ ಗುಟ್ಟು, ವ್ಯಾಧಿ ರಟ್ಟು ಅಂತೀವಲ್ಲ, ಆ ಮನೆಯವರು ವ್ಯಾಧಿಯನ್ನೂ ಗುಟ್ಟಾಗಿಯೇ ಇಟ್ಟಿದ್ದರು.

1860ರ ಜೂನ್ 29, ಶುಕ್ರವಾರ ರಾತ್ರಿ. ಮಲಗಿದ್ದವರು ಹನ್ನೆರಡು ಜನ. ಬೆಳಗಾದಾಗ ಎರಡನೇ ಹೆಂಡತಿಯ ಮಗ ಸ್ಯಾವಿಲ್ ತೊಟ್ಟಿಲಲ್ಲಿಲ್ಲ. ನಾಲ್ಕು ತುಂಬದ ಕೂಸು. ಕೊನೆಗೆ ಸಿಕ್ಕಿದ್ದು ತೋಟದಲ್ಲಿ ಆಳುಗಳಿಗೆಂದು ಕಟ್ಟಿಸಿದ್ದ ಕಕ್ಕಸಿನಲ್ಲಿ, ಕಂಬಳಿಯ ಜೊತೆ, ಕುತ್ತಿಗೆ ಕೊಯ್ದ ಸ್ಥಿತಿಯಲ್ಲಿ.

ಸ್ಥಳೀಯ ಪೊಲೀಸರು ಏನು ಮಾಡಿದರು ಅನ್ನುತ್ತೀರಿ? ಮಗುವಿನ ಕೋಣೆಯಲ್ಲೇ ಮಲಗುತ್ತಿದ್ದ ಆಯಾಳನ್ನು ಹಿಡಿದರು. ದೊಡ್ಡವರ ಮನೆಯಲ್ಲಿ ಏನೇ ಆದರೂ ಮೊದಲ ಅನುಮಾನ ಕೆಲಸದವರ ಮೇಲೆ ತಾನೆ! ಅಡುಗೆಮನೆಯ ಒಲೆಯ ಕೆಳಗೆ ರಕ್ತದ ಕಲೆಯ ಒಳಉಡುಪೊಂದು ಸಿಕ್ಕಿತ್ತು. ಆ ರಾತ್ರಿ ಕಾವಲಿಗೆ ಬಂದ ಇಬ್ಬರು ಪೊಲೀಸರನ್ನು ಯಜಮಾನ ಅಡುಗೆಮನೆಯಲ್ಲೇ ಕೂರಿಸಿ ಹೊರಗಿನಿಂದ ಅಗಳಿ ಹಾಕಿಬಿಟ್ಟ. ಆ ಬಟ್ಟೆಯೂ ಆಮೇಲೆ ಕೈತಪ್ಪಿತು. ಇದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಎರಡು ವಾರ ಕಳೆದ ಮೇಲೆ ಲಂಡನ್ನಿನಿಂದ ಬಂದವನು ಇನ್‌ಸ್ಪೆಕ್ಟರ್ ಜೋನಾಥನ್ ವಿಚರ್, ತೋಟದ ಮಾಲಿಯೊಬ್ಬನ ಮಗ. 1842ರಲ್ಲಿ ಲಂಡನ್ ಪೊಲೀಸರ ಕೇಂದ್ರ ಕಚೇರಿಯಾದ ಸ್ಕಾಟ್ಲೆಂಡ್ ಯಾರ್ಡ್ ಪತ್ತೇದಾರರ ಪಡೆ ಕಟ್ಟಿದಾಗ ಇದ್ದ ಎಂಟು ಮಂದಿಯಲ್ಲಿ ಅವನೂ ಒಬ್ಬ. ಅವನು ಯಾರ ಮುಖವನ್ನೂ ನೋಡುತ್ತಾ ಕೂರಲಿಲ್ಲ, ಬಟ್ಟೆ ಎಣಿಸಿದ. ಮೊದಲ ಹೆಂಡತಿಯ ಮಗಳು ಕಾನ್‌ಸ್ಟನ್ಸ್, ಹದಿನಾರು ವರ್ಷ, ಶಾಲೆಯಿಂದ ರಜೆಗೆ ಬಂದಿದ್ದಳು. ಅವಳ ಬಟ್ಟೆ ಪಟ್ಟಿಯಲ್ಲಿ ರಾತ್ರಿ ಮಲಗುವಾಗ ಹಾಕುವ ಅಂಗಿ ಮೂರು. ಇದ್ದದ್ದು ಎರಡು.

ಮೂರನೆಯದು ಎಲ್ಲಿ? ಅಗಸಗಿತ್ತಿ ಕಳೆದಳು ಅಂದರು ಮನೆಯವರು. ಅಂಗಿ ಬುಟ್ಟಿಯಲ್ಲಿ ಬಂದೇ ಇಲ್ಲ ಅಂದಳು ಆಕೆ. ಯಾರನ್ನು ನಂಬುತ್ತೀರಿ? ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ. ಕೊಲೆಯಾದ ಮೇಲಿನ ಸೋಮವಾರ ಕೆಲಸದ ಹುಡುಗಿ ಕೊಳೆ ಬಟ್ಟೆಗಳನ್ನು ಬುಟ್ಟಿಗೆ ಹಾಕುತ್ತಾ ಒಂದೊಂದನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಕಾನ್‌ಸ್ಟನ್ಸಳ ಅಂಗಿಯೂ ಬಿತ್ತು, ಲೆಕ್ಕಕ್ಕೂ ಸೇರಿತು. ಅಷ್ಟರಲ್ಲಿ ಕಾನ್‌ಸ್ಟನ್ಸ್ ಬಂದಳು. ನನ್ನ ಲಂಗದ ಜೇಬಿನಲ್ಲಿ ಪರ್ಸ್ ಉಳಿದಿದೆಯಾ ನೋಡು ಅಂದಳು. ಹುಡುಗಿ ಬುಟ್ಟಿ ಕೆದಕಿ ನೋಡಿದಳು, ಇಲ್ಲ. ಹಾಗಾದರೆ ಕೆಳಗೆ ಹೋಗಿ ಒಂದು ಲೋಟ ನೀರು ತಾ ಅಂದಳು. ಹುಡುಗಿ ಮೆಟ್ಟಿಲಿಳಿದು ನೀರು ತರುವಷ್ಟು ಹೊತ್ತು ಬುಟ್ಟಿಯ ಹತ್ತಿರ ಯಾರೂ ಇಲ್ಲ.

ವಿಚರ್ ಹಿಡಿದದ್ದು ಆ ಒಂದು ಲೋಟ ನೀರನ್ನು. ರಕ್ತದ ಅಂಗಿ ನಾಶವಾಗಿದೆ. ಅದರ ಕೊರತೆ ಕಾಣಬಾರದು. ಹಾಗಾಗಿ ಲೆಕ್ಕಕ್ಕೆ ಸೇರಿದ್ದ, ರಕ್ತದ ಕಲೆಯಿಲ್ಲದ ಅಂಗಿಯನ್ನೇ ಬುಟ್ಟಿಯಿಂದ ಹಿಂದಕ್ಕೆ ತೆಗೆದುಕೊಂಡರೆ, ಪುಸ್ತಕದ ಪ್ರಕಾರ ಕಳೆದವಳು ಅಗಸಗಿತ್ತಿ! ನಾಲ್ಕು ವರ್ಷ ಹಿಂದೆ ಇದೇ ಕಾನ್‌ಸ್ಟನ್ಸ್ ತಮ್ಮನನ್ನು ಕರೆದುಕೊಂಡು, ಗಂಡು ವೇಷ ಹಾಕಿ ಮನೆ ಬಿಟ್ಟು ಓಡಿದ್ದಳು. ಆಗ ಕತ್ತರಿಸಿದ ಕೂದಲನ್ನು ಎಸೆದದ್ದೂ ಅದೇ ಕಕ್ಕಸಿಗೆ. ವಿಚರ್ ಅದನ್ನೂ ಮರೆಯಲಿಲ್ಲ.

ಜುಲೈ 20ರಂದು ಬಂಧನ. ವಾರ ಕಳೆಯುವುದರಲ್ಲಿ ಬಿಡುಗಡೆ. ಅವಳ ವಕೀಲ ವಿಚರ್‌ನನ್ನು ಹಿಗ್ಗಾಮುಗ್ಗ ಝಾಡಿಸಿದ, ಪತ್ರಿಕೆಗಳೂ ಬಿಡಲಿಲ್ಲ. ಸಭ್ಯಸ್ಥರ ಮನೆಯ ಹೆಣ್ಣುಮಗಳ ಒಳಬಟ್ಟೆ ಎಣಿಸುವುದಕ್ಕೆ ಇವನ್ಯಾರು, ಅನ್ನುವುದೇ ಎಲ್ಲರ ಕೋಪ. ಲೆಕ್ಕ ತಪ್ಪು ಅಂತ ಮಾತ್ರ ಯಾರೂ ತೋರಿಸಲಿಲ್ಲ. ಮನೆಯ ಮರ್ಯಾದೆ ಮುಂದೆ ಬಂತು, ಬಟ್ಟೆಯ ಪುಸ್ತಕ ಹಿಂದೆ ಸರಿಯಿತು. 1864ರಲ್ಲಿ ವಿಚರ್ ಆರೋಗ್ಯ ಕೆಟ್ಟು ನಿವೃತ್ತನಾದ.

ಮರುವರ್ಷ, 1865ರ ಏಪ್ರಿಲ್‌ನಲ್ಲಿ, ಕಾನ್‌ಸ್ಟನ್ಸ್ ತಾನಾಗಿಯೇ ಲಂಡನ್ನಿನ ನ್ಯಾಯಾಲಯಕ್ಕೆ ಬಂದು ತಪ್ಪೊಪ್ಪಿಕೊಂಡಳು. ಅಂಗಿಯನ್ನು ಸುಟ್ಟದ್ದನ್ನೂ ಒಪ್ಪಿಕೊಂಡಳು. ಗಲ್ಲುಶಿಕ್ಷೆ ಜೀವಾವಧಿಯಾಯಿತು. ಇಪ್ಪತ್ತು ವರ್ಷ ಜೈಲಿನಲ್ಲಿದ್ದು ಆಸ್ಟ್ರೇಲಿಯಾಕ್ಕೆ ಹೋದಳು, ಹೆಸರು ಬದಲಿಸಿಕೊಂಡು ದಾದಿಯಾದಳು, 1944ರಲ್ಲಿ ನೂರು ವರ್ಷ ತುಂಬಿಸಿ ತೀರಿಕೊಂಡಳು. ವಿಚರ್ ಅವಳು ಬಿಡುಗಡೆಯಾಗುವ ಮೊದಲೇ, 1881ರಲ್ಲಿ ಹೋಗಿದ್ದ. ಅವಳ ತಮ್ಮ ಸಮುದ್ರಜೀವಿಗಳ ವಿಜ್ಞಾನಿಯಾದ ಕಥೆ ಇನ್ನೊಂದು ದಿನಕ್ಕಿರಲಿ, ಸಮಯ ಮುಗಿಯುತ್ತಿದೆ.

ಆದರೆ ನಮ್ಮ ನೆಲಕ್ಕೆ ಸೇರಿದ ಒಂದು ವಿಷಯ ಹೇಳದೆ ಏಳಲಾರೆ. 1868ರಲ್ಲಿ ವಿಲ್ಕಿ ಕಾಲಿನ್ಸ್ ಬರೆದ ‘ದಿ ಮೂನ್‌ಸ್ಟೋನ್’ ಕಾದಂಬರಿಗೆ ಈ ಪ್ರಕರಣದ ನೆರಳಿದೆ. ಅದರಲ್ಲಿ ಕಳುವಾಗುವುದು ಒಂದು ವಜ್ರ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ದಿನ ಇಂಗ್ಲಿಷ್ ಅಧಿಕಾರಿಯೊಬ್ಬ ಅದನ್ನು ದೋಚಿಕೊಂಡು ಹೋದ ಎಂದೇ ಕಥೆ ಶುರು. ಇಂಗ್ಲೆಂಡಿನ ದೊಡ್ಡ ಮನೆಯೊಂದರಿಂದ ಅದು ಮಾಯವಾದಾಗ ಕೋಣೆಯ ಬಾಗಿಲ ಹಸಿ ಬಣ್ಣ ಯಾರದೋ ಬಟ್ಟೆಗೆ ಮೆತ್ತಿರುತ್ತದೆ. ಅಲ್ಲಿನ ಪತ್ತೇದಾರ ಮನೆಯೊಡತಿಯನ್ನು ಕೇಳುವುದೂ ಅದನ್ನೇ: ನಿಮ್ಮ ಮನೆಯ ಅಗಸರ ಪುಸ್ತಕ ಕೊಡಿ.

ನಮಸ್ಕಾರ.